ನಮ್ಮ ಸೀಮೆಯ ರೋಗ, ಮದ್ದು, ಆಸ್ಪತ್ರೆ: ಹದಿನಾರು ಹಾಳೆಯಲ್ಲಿ ಅಂಚೆಚೀಟಿ ಸಂಗ್ರಹ ಕಟ್ಟುವುದು ಹೇಗೆ?

ರಾಯಚೂರು, ಕೊಪ್ಪಳದ ಕಡೆ ನಿಮ್ಮ ಮನೆ ಅಟ್ಟದ ಮೇಲೆ ಹಳೆಯ ಕಾಗದಪತ್ರದ ಟ್ರಂಕು ಇದ್ದರೆ ರದ್ದಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿ. 1937ರಲ್ಲಿ ಹೈದರಾಬಾದ್ ನಿಜಾಮರ ಬೆಳ್ಳಿಹಬ್ಬಕ್ಕೆ ಸಂಸ್ಥಾನದ ಅಂಚೆ ನಾಲ್ಕು ಚೀಟಿ ತಂದಿತ್ತು. ಅದರಲ್ಲಿ ಎರಡು ಆಸ್ಪತ್ರೆಯ ಚಿತ್ರಗಳು. 4 ಪೈ (ಆಗಿನ ಸಣ್ಣ ನಾಣ್ಯ) ಚೀಟಿಯಲ್ಲಿ ಯುನಾನಿ ಆಸ್ಪತ್ರೆ, 8 ಪೈ ಚೀಟಿಯಲ್ಲಿ ಉಸ್ಮಾನಿಯಾ ಆಸ್ಪತ್ರೆ. ರಾಯಚೂರು, ಕೊಪ್ಪಳ ಆಗ ನಿಜಾಮರ ಸೀಮೆ. ಅಂದರೆ ನಮ್ಮ ಅಜ್ಜಂದಿರು ಲಕೋಟೆಗೆ ಹಚ್ಚಿದ ಚೀಟಿಯಲ್ಲೇ ವೈದ್ಯಕೀಯ ಚರಿತ್ರೆ ಇತ್ತು.

ಇದನ್ನು ಮೊದಲೇ ಹೇಳಲು ಕಾರಣ ಇದೆ. ವೈದ್ಯಕೀಯ ಅಂಚೆಚೀಟಿ ಸಂಗ್ರಹ ಅಂದ ಕೂಡಲೇ ಜನ ದೂರದ ದೇಶಗಳ ಚೀಟಿ ಹುಡುಕಲು ಹೊರಡುತ್ತಾರೆ. ಫ್ಲೆಮಿಂಗ್ ಬೇಕು, ಪಾಶ್ಚರ್ ಬೇಕು, ಇಪ್ಪತ್ತು ದೇಶದ ರೆಡ್‌ಕ್ರಾಸ್ ಬೇಕು. ಸುಮ್ನೆ ದುಡ್ಡು ಖರ್ಚಾಗುತ್ತದೆ, ಆಲ್ಬಂ ದಪ್ಪ ಆಗುತ್ತದೆ, ಆದರೆ ಕತೆ ಹುಟ್ಟುವುದಿಲ್ಲ. ನಮ್ಮ ಸೀಮೆಯಲ್ಲಿ ಕಾಡಿದ ರೋಗ, ಅದಕ್ಕೆ ಬಂದ ಮದ್ದು, ಕಟ್ಟಿದ ಆಸ್ಪತ್ರೆ, ಇವನ್ನು ಹಿಡಿದು ಹೊರಟರೆ ಕಡಿಮೆ ಖರ್ಚಿನಲ್ಲಿ ಗಟ್ಟಿ ಸಂಗ್ರಹ ಆಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಕೂತು ಅಂಥ ಸಂಗ್ರಹ ಕಟ್ಟುವವರಿಗೆ ಈ ಬರಹ. ಶಾಲೆಯ ಮಕ್ಕಳು, ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು, ನಿವೃತ್ತ ನರ್ಸ್‌ಗಳು, ಕಾಂಪೌಂಡರ್‌ಗಳು, ಯಾರು ಬೇಕಾದರೂ ಮಾಡಬಹುದು.

ಮೊದಲು ಹದಿನಾರು ಹಾಳೆ ಎಣಿಸಿಕೊಳ್ಳಿ

ಅಂಚೆಚೀಟಿ ಪ್ರದರ್ಶನದಲ್ಲಿ ಒಂದು ಚೌಕಟ್ಟು ಅಂದರೆ ಎ4 ಅಳತೆಯ ಹದಿನಾರು ಹಾಳೆ. ಶುರುವಿಗೆ ಅಷ್ಟೇ ಗುರಿ ಸಾಕು. ಹಾಳೆ ಇಷ್ಟೇ ಅಂತ ಗೊತ್ತಿದ್ದಾಗ ಯಾವ ಚೀಟಿ ಬೇಕು, ಯಾವುದು ಬೇಡ ಅನ್ನುವುದು ತಾನಾಗಿ ತೀರ್ಮಾನ ಆಗುತ್ತದೆ.

ಒಂದು ಬಿಳಿ ಹಾಳೆಯಲ್ಲಿ ಹದಿನಾರು ಚೌಕ ಬರೆದುಕೊಳ್ಳಿ. ಮೊದಲನೆಯದು ಶೀರ್ಷಿಕೆ ಮತ್ತು ಯೋಜನೆಗೆ. ಉಳಿದ ಹದಿನೈದನ್ನು ವಿಷಯಕ್ಕೆ ಹಂಚಿ. ನನ್ನ ಸಲಹೆ ಹೀಗಿದೆ: ನಿಜಾಮರ ಆಸ್ಪತ್ರೆಗಳಿಗೆ ಎರಡು, ಮಲೇರಿಯಾಕ್ಕೆ ಮೂರು, ಪ್ಲೇಗು ಮತ್ತು ಕಾಲರಾಕ್ಕೆ ಎರಡು, ಕ್ಷಯಕ್ಕೆ ಮೂರು, ಕುಷ್ಠ ಮತ್ತು ಸಿಡುಬಿಗೆ ಒಂದೊಂದು, ವೈದ್ಯರಿಗೆ ಎರಡು, ಗಿಡಮೂಲಿಕೆಗೆ ಒಂದು. ಇದನ್ನೇ ಮಾಡಬೇಕೆಂದೇನಿಲ್ಲ. ನಿಮ್ಮ ಮನೆತನ ನಾಟಿ ವೈದ್ಯರದಾದರೆ ಗಿಡಮೂಲಿಕೆಗೇ ಆರು ಹಾಳೆ ಕೊಡಿ.

ಅಂತರರಾಷ್ಟ್ರೀಯ ನಿಯಮದ ಪ್ರಕಾರ ವಿಷಯಾಧಾರಿತ ಸಂಗ್ರಹಕ್ಕೆ ಅಂಕ ಕೊಡುವ ರೀತಿ ಗಮನಿಸಿ. ನೂರಕ್ಕೆ 35 ಅಂಕ ನೀವು ವಿಷಯವನ್ನು ಹೇಗೆ ಕಟ್ಟಿದ್ದೀರಿ ಅನ್ನುವುದಕ್ಕೆ. 30 ನಿಮ್ಮ ತಿಳಿವಳಿಕೆಗೆ. 30 ವಸ್ತುವಿನ ಸ್ಥಿತಿ ಮತ್ತು ಅಪರೂಪಕ್ಕೆ. ಅಂದಚೆಂದಕ್ಕೆ ಬರೀ 5. ಬಣ್ಣದ ಅಂಚು, ಹೂಬಳ್ಳಿ, ಮಿಂಚುವ ಅಕ್ಷರಕ್ಕೆ ವಾರಗಟ್ಟಲೆ ಕೂರುವವರು ಈ ಲೆಕ್ಕ ನೋಡಬೇಕು. ಆ ಸಮಯವನ್ನು ಓದಿಗೆ ಕೊಟ್ಟರೆ ಜಾಸ್ತಿ ಫಲ.

ಒಂದೇ ಸೀಮೆ, ಎರಡು ಅಂಚೆ

ಬಳ್ಳಾರಿ 1800ರಿಂದ ಬ್ರಿಟಿಷರ ಕೈಯಲ್ಲಿತ್ತು, ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ ನಡೆದಿದ್ದು ಬ್ರಿಟಿಷ್ ಇಂಡಿಯಾದ ಚೀಟಿ, ರಾಜ ರಾಣಿಯರ ಮುಖ. ತುಂಗಭದ್ರೆ ದಾಟಿದರೆ ನಿಜಾಮರ ಅಂಚೆ. 1869ರಿಂದಲೂ ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಚೀಟಿ ಇತ್ತು. ಆದರೆ ಅದು ಸಂಸ್ಥಾನದ ಒಳಗಷ್ಟೇ ಓಡುತ್ತಿತ್ತು. ಹೊರಗೆ ಹೋಗುವ ಪತ್ರಕ್ಕೆ ಬ್ರಿಟಿಷ್ ಇಂಡಿಯಾದ ಚೀಟಿಯೇ ಬೇಕು. ರಾಯಚೂರಿನಿಂದ ಹೈದರಾಬಾದಿಗೆ ಬರೆದ ಪತ್ರಕ್ಕೆ ಒಂದು ಚೀಟಿ, ಪಕ್ಕದ ಬಳ್ಳಾರಿಗೆ ಬರೆದದ್ದಕ್ಕೆ ಇನ್ನೊಂದು!

ಈ ಭೇದ ನಿಮ್ಮ ಸಂಗ್ರಹದ ದೊಡ್ಡ ಬಲ. 1937ರ ಎರಡು ಆಸ್ಪತ್ರೆ ಚೀಟಿ ಸಿಕ್ಕರೆ ಮೊದಲ ಹಾಳೆಗಳು ಅಲ್ಲೇ ಸಿದ್ಧ. ಬಿಡಿ ಚೀಟಿ ಸಿಗುವುದು ಕಷ್ಟವಲ್ಲ. ಅದೇ ಚೀಟಿ ಲಕೋಟೆಯ ಮೇಲೇ ಇದ್ದು, ರಾಯಚೂರು ಅಥವಾ ಕೊಪ್ಪಳದ ಮುದ್ರೆ ಬಿದ್ದಿದ್ದರೆ ಅದಕ್ಕೆ ಬೇರೆಯದೇ ಬೆಲೆ. ಅದಕ್ಕಾಗಿ ವರ್ಷಗಟ್ಟಲೆ ಕಾಯುವುದೂ ಸರಿಯೇ.

ಉಸ್ಮಾನಿಯಾ ಆಸ್ಪತ್ರೆಯ ಚೀಟಿಯ ಕೆಳಗೆ ಏನು ಬರೆಯಬೇಕು? "ಸುಂದರ ಕಟ್ಟಡ" ಅಂತ ಬರೆದು ನಿಲ್ಲಿಸಬೇಡಿ. 1908ರಲ್ಲಿ ಮೂಸಿ ನದಿ ಉಕ್ಕಿ ಅಫ್ಜಲ್‌ಗಂಜ್‌ನ ಹಳೆಯ ಆಸ್ಪತ್ರೆ ನೆಲಸಮ ಆಯಿತು. ಆ ದುರಂತದ ನಂತರ ಎದ್ದದ್ದು ಈ ಕಟ್ಟಡ. ಆ ಹಳೆಯ ಆಸ್ಪತ್ರೆಯ ಕಾಲದಲ್ಲೇ, 1888 ಮತ್ತು 1889ರಲ್ಲಿ, ಎಡ್ವರ್ಡ್ ಲಾರಿ ಎಂಬ ವೈದ್ಯರ ಮುಂದಾಳತ್ವದಲ್ಲಿ ಕ್ಲೋರೋಫಾರ್ಮ್ ಎಷ್ಟು ಸುರಕ್ಷಿತ ಎಂದು ಪರೀಕ್ಷಿಸುವ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳು ನಡೆದವು. ನಿಜಾಮರ ಸರ್ಕಾರವೇ ಅದಕ್ಕೆ ಹಣ ಕೊಟ್ಟಿತು. ರೋಗಿಗೆ ಅರಿವಳಿಕೆ ಕೊಡುತ್ತಿದ್ದ ಮೊದಲ ಮಹಿಳೆಯರಲ್ಲಿ ಒಬ್ಬರಾದ ರೂಪಾಬಾಯಿ ಫರ್ದೂಂಜಿ ಕೆಲಸ ಮಾಡಿದ್ದೂ ಅಲ್ಲೇ. ಎಂಟು ಪೈಯ ಒಂದು ಚೀಟಿಗೆ ಇಷ್ಟು ಕತೆ ಇದೆ. ಇದರಲ್ಲಿ ನಾಲ್ಕು ಸಾಲು ಆರಿಸಿ ಬರೆದರೆ ಸಾಕು.

ಬಳ್ಳಾರಿಯವರಿಗೆ ಇನ್ನೊಂದು ದಾರಿ ಇದೆ. ಮೊದಲ ಮಹಾಯುದ್ಧದಲ್ಲಿ ತುರ್ಕಿಯ ಯುದ್ಧಕೈದಿಗಳನ್ನು ಬಳ್ಳಾರಿಯಲ್ಲಿ ಇಟ್ಟಿದ್ದರು. 1917ರಲ್ಲಿ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯವರು ಭಾರತದ ಇಂಥ ಶಿಬಿರಗಳನ್ನು ನೋಡಿಕೊಂಡು ಹೋಗುವಾಗ ಬಳ್ಳಾರಿಗೂ ಬಂದಿದ್ದರು. ರೆಡ್‌ಕ್ರಾಸ್ ಸಮ್ಮೇಳನ ದೆಹಲಿಯಲ್ಲಿ ನಡೆದಾಗ, 1957ರಲ್ಲಿ, ಭಾರತ ರೆಡ್‌ಕ್ರಾಸ್ ಹುಟ್ಟಿಗೆ ಕಾರಣರಾದ ಹೆನ್ರಿ ಡ್ಯೂನಾಂಟ್ ಚಿತ್ರದ ಚೀಟಿ ತಂದಿತು. ಅದನ್ನು ಬಳ್ಳಾರಿಯ ಶಿಬಿರದ ಕತೆಯ ಜೊತೆ ಇಡಿ. ಪಕ್ಕದಲ್ಲೇ ಡಾ. ಎಂ.ಎ. ಅನ್ಸಾರಿಯವರ 1980ರ ಚೀಟಿ ಇಡಬಹುದು. ಬಾಲ್ಕನ್ ಯುದ್ಧದ ಕಾಲದಲ್ಲಿ, 1912ರಲ್ಲಿ, ತುರ್ಕಿಯ ಗಾಯಾಳುಗಳಿಗಾಗಿ ಭಾರತದಿಂದ ವೈದ್ಯರ ತಂಡ ಕರೆದುಕೊಂಡು ಹೋದವರು ಅವರು.

ಚೀಟಿ ಎಲ್ಲಿ ಸಿಗುತ್ತದೆ

ಮೊದಲು ಮನೆ. ನಂತರ ನೆಂಟರ ಮನೆ. ಹಳೆಯ ದವಾಖಾನೆ, ಔಷಧಿ ಅಂಗಡಿಗಳಲ್ಲಿ ಕಂಪನಿಗಳಿಂದ ಬಂದ ಲಕೋಟೆಗಳ ಕಟ್ಟು ಇರುತ್ತದೆ. ಕೇಳಿದರೆ ಸಂತೋಷದಿಂದ ಕೊಡುತ್ತಾರೆ.

ಹೊಸ ಚೀಟಿಗಳಿಗೆ ಬಳ್ಳಾರಿ ಅಥವಾ ರಾಯಚೂರಿನ ಹೆಡ್ ಪೋಸ್ಟ್ ಆಫೀಸಿಗೆ ಹೋಗಿ ಫಿಲಾಟೆಲಿ (ಅಂದರೆ ಅಂಚೆಚೀಟಿ ಸಂಗ್ರಹ) ಚೀಟಿ ಏನಿದೆ ಎಂದು ಕೇಳಿ. ಅಲ್ಲಿ ಇಲ್ಲದಿದ್ದರೆ ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯ (ಜಿಪಿಒ) ಫಿಲಾಟೆಲಿಕ್ ಬ್ಯೂರೋ ಇದೆ. ಅಂಚೆ ಇಲಾಖೆಯಲ್ಲಿ ಫಿಲಾಟೆಲಿ ಡಿಪಾಸಿಟ್ ಖಾತೆ ತೆರೆಯಬಹುದು. ಕನಿಷ್ಠ 200 ರೂಪಾಯಿ ಇಟ್ಟರೆ ಹೊಸ ಚೀಟಿ ಬಂದಾಗಲೆಲ್ಲ ಮನೆಗೇ ಕಳಿಸುತ್ತಾರೆ. ನಮ್ಮಂಥ ದೂರದ ಜಿಲ್ಲೆಯವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ವ್ಯಕ್ತಿ, ಘಟನೆಗಳ ನೆನಪಿಗೆ ತರುವ ಸ್ಮಾರಕ ಚೀಟಿಗಳನ್ನು ಸಾಮಾನ್ಯವಾಗಿ ಮತ್ತೆ ಮತ್ತೆ ಅಚ್ಚು ಹಾಕುವುದಿಲ್ಲ. ಮುಗಿದರೆ ಮುಗಿಯಿತು.

ಆರರಿಂದ ಒಂಬತ್ತನೇ ತರಗತಿಯ ಮಕ್ಕಳಿದ್ದರೆ ದೀನ್ ದಯಾಳ್ ಸ್ಪರ್ಶ್ ಯೋಜನೆ ಕೇಳಿ ನೋಡಿ. 2017ರಲ್ಲಿ ಶುರುವಾದ ಇದರಲ್ಲಿ ಆಯ್ಕೆಯಾದ ಮಗುವಿಗೆ ವರ್ಷಕ್ಕೆ 6000 ರೂಪಾಯಿ ವಿದ್ಯಾರ್ಥಿವೇತನ. ಶಾಲೆಯ ಫಿಲಾಟೆಲಿ ಕ್ಲಬ್ಬಿನಲ್ಲಿ ಸದಸ್ಯತ್ವ ಬೇಕು, ಇಲ್ಲವೇ ಮಗುವಿನ ಹೆಸರಲ್ಲಿ ಆ ಡಿಪಾಸಿಟ್ ಖಾತೆ ಇರಬೇಕು. ನಮ್ಮ ಶಾಲೆಗಳಲ್ಲಿ ಇದರ ಹೆಸರೇ ಕೇಳದವರು ಬಹಳ. ಮೇಷ್ಟ್ರುಗಳು ಒಂದು ಕ್ಲಬ್ ಶುರುಮಾಡಿದರೆ ಎಷ್ಟೋ ಮಕ್ಕಳಿಗೆ ದಾರಿ ಆಗುತ್ತದೆ.

ಹಳೆಯ ಚೀಟಿಗಳಿಗೆ ವ್ಯಾಪಾರಿಗಳು ಇದ್ದಾರೆ, ಕರ್ನಾಪೆಕ್ಸ್‌ನಂಥ ರಾಜ್ಯಮಟ್ಟದ ಪ್ರದರ್ಶನಗಳಲ್ಲಿ ಅಂಗಡಿ ಹಾಕುತ್ತಾರೆ. ಕೊಳ್ಳುವಾಗ ಒಂದು ಎಚ್ಚರ. ಕೆಲವು ದೇಶಗಳ ಹೆಸರಲ್ಲಿ ಬರುವ ಹೊಳೆಹೊಳೆಯುವ ವೈದ್ಯಕೀಯ ಚೀಟಿಗಳು ಆ ದೇಶದ ಅಂಚೆಯಲ್ಲಿ ಮಾರಾಟಕ್ಕೇ ಬಂದಿರುವುದಿಲ್ಲ. ಸಂಗ್ರಹಕಾರರಿಗೆ ಮಾರಲೆಂದೇ ಅಚ್ಚಾದವು ಅವು. ಪ್ರದರ್ಶನದಲ್ಲಿ ಅವಕ್ಕೆ ಬೆಲೆ ಇಲ್ಲ.

ನೀರಿಗೆ ಹಾಕುವ ಮೊದಲು

ಲಕೋಟೆ ಸಿಕ್ಕ ಕೂಡಲೇ ಚೀಟಿ ಬಿಡಿಸಲು ಹೋಗಬೇಡಿ. ಮುದ್ರೆ ಸ್ಪಷ್ಟ ಇದೆಯಾ? ಊರಿನ ಹೆಸರು, ತಾರೀಕು ಓದಲು ಬರುತ್ತದಾ? ಹಾಗಿದ್ದರೆ ಲಕೋಟೆ ಇಡಿಯಾಗಿ ಇರಲಿ. ಮಲೇರಿಯಾ ಚೀಟಿ ಹಚ್ಚಿ ಸಿಂಧನೂರಿನಿಂದ ಹೋದ ಲಕೋಟೆಗೆ ಒಂದು ಕತೆ ಇದೆ. ಬಿಡಿಸಿದ ಚೀಟಿಗೆ ಆ ಕತೆ ಇಲ್ಲ. ಹಿಂಬದಿಯನ್ನೂ ನೋಡಿ, ತಲುಪಿದ ಊರಿನ ಮುದ್ರೆ ಅಲ್ಲಿರುತ್ತದೆ.

ಮುದ್ರೆ ಮಸುಕಾಗಿದ್ದು, ಲಕೋಟೆ ಹರಿದಿದ್ದರೆ ಮಾತ್ರ ಬಿಡಿಸಿ. ಚೀಟಿಯ ಸುತ್ತ ಒಂದು ಬೆರಳಗಲ ಕಾಗದ ಬಿಟ್ಟು ಕತ್ತರಿಸಿ. ಅಗಲ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ. ಬಣ್ಣದ ಲಕೋಟೆಯ ತುಂಡುಗಳನ್ನು ಬೇರೆ ತಟ್ಟೆಗೆ ಹಾಕಿ, ಇಲ್ಲವಾದರೆ ಖಾಕಿ, ಕೆಂಪು ಬಣ್ಣ ಬಿಟ್ಟು ಎಲ್ಲ ಚೀಟಿಗೂ ಹತ್ತುತ್ತದೆ. ಹದಿನೈದು ಇಪ್ಪತ್ತು ನಿಮಿಷ ಮುಟ್ಟಬೇಡಿ. ಗೋಂದು ಕರಗಿ ಚೀಟಿ ತಾನೇ ಜಾರುತ್ತದೆ. ಎಳೆದು ಬಿಡಿಸಿದರೆ ಹಿಂಬದಿ ತೆಳುವಾಗಿ ಚೀಟಿ ಕೆಡುತ್ತದೆ. ಹಿಂದಿನ ಗೋಂದನ್ನು ಬೆರಳ ತುದಿಯಿಂದ ಮೆಲ್ಲಗೆ ತೊಳೆದು, ಬಿಳಿ ಒತ್ತುಕಾಗದದ ಮೇಲೆ ಮುಖ ಕೆಳಗೆ ಮಾಡಿ ಒಣಗಿಸಿ. ನಮ್ಮ ಕಡೆ ಬೇಸಿಗೆಯಲ್ಲಿ ಹತ್ತೇ ನಿಮಿಷದಲ್ಲಿ ಒಣಗಿ ಸುರುಳಿ ಸುತ್ತಿಬಿಡುತ್ತದೆ. ಸ್ವಲ್ಪ ಹಸಿ ಇರುವಾಗಲೇ ದಪ್ಪ ಪುಸ್ತಕದ ನಡುವೆ ಒತ್ತಿ ಇಡಿ.

ಕೈಯಿಂದ ಮುಟ್ಟುವುದಕ್ಕಿಂತ ಚಪ್ಪಟೆ ತುದಿಯ ಚಿಮಟ ಒಳ್ಳೆಯದು. ಸೆಲ್ಲೊಟೇಪು, ಫೆವಿಕಾಲ್ ಹತ್ತಿರ ತರಬೇಡಿ. ಚೀಟಿ ಕೂರಿಸುವ ಪಾರದರ್ಶಕ ಕವಚ (ಮೌಂಟ್) ಅಥವಾ ಮೂಲೆ ಹಿಡಿಕೆ ಬಳಸಿ. ಸಂಗ್ರಹವನ್ನು ಗೋಡೆಗೆ ತಾಗಿಸಿ ಇಡಬೇಡಿ, ಗೆದ್ದಲು ಗೋಡೆಯಿಂದಲೇ ಬರುತ್ತದೆ. ಬಳ್ಳಾರಿಯವರು ಕೆಂಪು ದೂಳಿಗೆ ಮುಚ್ಚಳ ಇರುವ ಪೆಟ್ಟಿಗೆಯನ್ನೇ ಹುಡುಕಿ. ಪತ್ರಾಸಿನ ಮನೆಯಲ್ಲಿ ಏಪ್ರಿಲ್, ಮೇ ತಿಂಗಳ ಕಾವಿಗೆ ಗೋಂದು ಕರಗಿ ಹೊಸ ಚೀಟಿಗಳು ಒಂದಕ್ಕೊಂದು ಅಂಟುತ್ತವೆ, ಹಾಗಾಗಿ ಆ ಎರಡು ತಿಂಗಳು ಪೆಟ್ಟಿಗೆ ಮನೆಯ ತಂಪಾದ ಕೋಣೆಯಲ್ಲಿರಲಿ.

ಯಾವ ರೋಗಕ್ಕೆ ಯಾವ ಚೀಟಿ

ಮಲೇರಿಯಾದಿಂದ ಶುರುಮಾಡಿ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿ ಕಂಡದ್ದು ಸಿಕಂದರಾಬಾದಿನಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಅವರು ಬೆಂಗಳೂರಿನಲ್ಲಿ ಕಾಲರಾ ಕೆಲಸಕ್ಕೆ ಬಂದಿದ್ದರು. 1902ರಲ್ಲಿ ನೊಬೆಲ್ ಬಂತು. ನೂರು ವರ್ಷ ತುಂಬಿದಾಗ, 1997ರಲ್ಲಿ, ಭಾರತ ರಾಸ್ ಹೆಸರಲ್ಲಿ ಚೀಟಿ ತಂದಿತು. ಇದಕ್ಕಿಂತ ಹಳೆಯದು 1955ರ ಪಂಚವಾರ್ಷಿಕ ಯೋಜನೆ ಸರಣಿ. ಟ್ರ್ಯಾಕ್ಟರ್, ಮಗ್ಗ, ಅಣೆಕಟ್ಟಿನ ಚಿತ್ರಗಳ ನಡುವೆ ಒಂದರಲ್ಲಿ ಸೊಳ್ಳೆ ಮತ್ತು ಹಾವು ಸುತ್ತಿದ ವೈದ್ಯರ ಕೋಲು. ಆ ಹೊತ್ತಿಗೆ ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಎರಡು ವರ್ಷ ಆಗಿತ್ತು. ನಂತರ 1962ರ ಏಪ್ರಿಲ್ 7ರ ಚೀಟಿ. ಆ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕರೆಗೆ ನೂರಕ್ಕೂ ಹೆಚ್ಚು ದೇಶಗಳು ಮಲೇರಿಯಾ ಚೀಟಿ ತಂದವು. ಅದರಲ್ಲಿ ಭಾರತದ್ದು ಮತ್ತು ಒಂದೆರಡು ನೆರೆ ದೇಶದ್ದು ಸಾಕು. ಎಲ್ಲ ಕೂಡಿಸಲು ಹೋದರೆ ಹದಿನಾರು ಹಾಳೆಯೂ ಸೊಳ್ಳೆಗೇ ಹೋಗುತ್ತದೆ.

ಈ ಹಾಳೆಗೆ ನಿಮ್ಮ ಊರಿನ ಮಾತೂ ಬೇಕು. ಸೊಳ್ಳೆ ಕೊಲ್ಲುವ ಡಿಡಿಟಿ ಹೊಡೆಯಲು ಬರುತ್ತಿದ್ದವರು, ಹೊಡೆದ ಮೇಲೆ ಗೋಡೆಯ ಮೇಲೆ ತಾರೀಕು ಬರೆದು ಹೋಗುತ್ತಿದ್ದದ್ದು ಹಿರಿಯರಿಗೆ ನೆನಪಿದೆ. ಅಂಥ ಗುರುತು ಹಳೆಯ ಬಾಗಿಲ ಪಕ್ಕ ಇನ್ನೂ ಉಳಿದಿದ್ದರೆ ಫೋಟೋ ತೆಗೆದು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಇಡಿ. ಸ್ಪರ್ಧೆಯ ಹಾಳೆಯಲ್ಲಿ ಅಂಚೆಯ ವಸ್ತುಗಳಿಗೇ ಜಾಗ, ಫೋಟೋ ಬೇಡ. ಆದರೆ ಶಾಲೆಯ ಪ್ರದರ್ಶನಕ್ಕೆ ಅದು ಬಲು ಚೆನ್ನ.

ಪ್ಲೇಗಿಗೆ ಹಾಫ್‌ಕಿನ್ ಚೀಟಿ, 1964ರದು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ವಾಲ್ಡೆಮಾರ್ ಹಾಫ್‌ಕಿನ್ ಅಲ್ಲೇ ಕೂತು ಲಸಿಕೆ ಮಾಡಿದರು. 1897ರ ಜನವರಿ 10ರಂದು ಅದನ್ನು ಮೊದಲು ತಮಗೇ ಚುಚ್ಚಿಕೊಂಡರು. ಅದಕ್ಕೂ ಮೊದಲು ಕಾಲರಾ ಲಸಿಕೆ ಮಾಡಿದವರೂ ಅವರೇ, ಹಾಗಾಗಿ ಒಂದು ಚೀಟಿ ಎರಡು ರೋಗಕ್ಕೆ ಆಗುತ್ತದೆ. ರೈಲಿನ ಜೊತೆ ಪ್ಲೇಗು ಒಳನಾಡಿಗೆ ಬಂದಾಗ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದ ಕತೆ ನಮ್ಮಲ್ಲಿ ಮನೆಮನೆಗೂ ಗೊತ್ತು.

ಕ್ಷಯದ ಹಾಳೆಗಳು ಬಳ್ಳಾರಿಯವರ ಪಾಲು. ಅಲ್ಲಿನ ವೆಲ್ಲೆಸ್ಲಿ ಟಿಬಿ ಸ್ಯಾನಿಟೋರಿಯಂ ಹೆಸರು ಸುತ್ತಲಿನ ಜಿಲ್ಲೆಗಳಲ್ಲೆಲ್ಲ ಗೊತ್ತಿತ್ತು. ಕ್ಷಯಕ್ಕೆ ಔಷಧಿ ಬರುವ ಮೊದಲು ರೋಗಿಗಳು ತಿಂಗಳುಗಟ್ಟಲೆ ಸ್ಯಾನಿಟೋರಿಯಂಗಳಲ್ಲೇ ಇರುತ್ತಿದ್ದರು. ಮನೆಯವರಿಗೂ ಅವರಿಗೂ ನಡುವೆ ಇದ್ದದ್ದು ಬರೀ ಪತ್ರ. ಸ್ಯಾನಿಟೋರಿಯಂ ವಿಳಾಸ ಇರುವ ಹಳೆಯ ಕಾರ್ಡು ಅಥವಾ ಲಕೋಟೆ ಸಿಕ್ಕರೆ ಅದು ನಿಮ್ಮ ಇಡೀ ಸಂಗ್ರಹದ ಕಣ್ಣು. ಆದರೆ ಒಂದು ಮಾತು ಕಡ್ಡಾಯವಾಗಿ ಪಾಲಿಸಿ. ರೋಗಿಯ ಹೆಸರು, ಒಳಗಿನ ಬರಹ ಪ್ರದರ್ಶನದಲ್ಲಿ ಕಾಣಬಾರದು. ಹೆಸರಿನ ಮೇಲೆ ಸಣ್ಣ ಕಾಗದದ ಪಟ್ಟಿ ಮುಚ್ಚಿ. ಆ ಮನೆಯವರು ಇನ್ನೂ ಅದೇ ಊರಿನಲ್ಲಿ ಇರುತ್ತಾರೆ, ಅಲ್ವಾ?

ಚೀಟಿ ಅಂದರೆ 1982ರದು. ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಕ್ಷಯದ ರೋಗಾಣುವಿನ ವಿಷಯ ಪ್ರಕಟಿಸಿದ ನೂರನೇ ವರ್ಷಕ್ಕೆ ಬಂದದ್ದು. ಅದರ ಜೊತೆ ಟಿಬಿ ಸೀಲುಗಳನ್ನು ಇಡಿ. ಗಾಂಧಿ ಜಯಂತಿಯ ಹೊತ್ತಿಗೆ ಶಾಲೆಗಳಲ್ಲಿ ಮೇಷ್ಟ್ರು ಮಾರುತ್ತಿದ್ದ ಆ ಬಣ್ಣದ ಚೀಟಿಗಳು ಬಹಳ ಜನರ ಹಳೆಯ ನೋಟ್‌ಬುಕ್ಕಿನ ರಟ್ಟಿನ ಮೇಲೆ ಈಗಲೂ ಅಂಟಿಕೊಂಡಿವೆ. ಎರಡು ಅಡ್ಡಪಟ್ಟಿಯ ಕೆಂಪು ಶಿಲುಬೆ ಇದ್ದರೆ ಅದೇ. ಇವು ಅಂಚೆಚೀಟಿ ಅಲ್ಲ, ಹಚ್ಚಿದರೆ ಪತ್ರ ಹೋಗುವುದಿಲ್ಲ. ಕ್ಷಯರೋಗಿಗಳ ನೆರವಿಗೆ ಹಣ ಕೂಡಿಸುವ ಚೀಟಿ. ಈ ಉಪಾಯ ಹೊಳೆದದ್ದು ಡೆನ್ಮಾರ್ಕಿನ ಅಂಚೆ ನೌಕರ ಐನರ್ ಹೊಲ್‌ಬೋಲ್ ಅವರಿಗೆ, 1904ರಲ್ಲಿ ಅಲ್ಲಿ ಮೊದಲ ಸೀಲು ಬಂತು. ನಮ್ಮಲ್ಲಿ ಈ ಅಭಿಯಾನ ಶುರುವಾದದ್ದು 1950ರಲ್ಲಿ. ಸೀಲನ್ನು ಲಕೋಟೆಯ ಮೇಲೆ ಅಂಚೆಚೀಟಿಯ ಪಕ್ಕ ಹಚ್ಚಿ, ಎರಡರ ಮೇಲೂ ಒಂದೇ ಮುದ್ರೆ ಬಿದ್ದಿದ್ದರೆ ಜೋಪಾನ ಮಾಡಿ.

ಕುಷ್ಠಕ್ಕೆ 1973ರ ಹ್ಯಾನ್ಸೆನ್ ಚೀಟಿ. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಈ ರೋಗದ ಸೂಕ್ಷ್ಮಜೀವಿಯನ್ನು ಗುರುತಿಸಿದರು. ಇದು ಶಾಪವಲ್ಲ, ಪಾಪದ ಫಲವಲ್ಲ, ಸೋಂಕು ಅಂತ ಹೇಳಲು ಆಧಾರ ಸಿಕ್ಕಿದ್ದು ಆಗ. ಸಿಡುಬಿಗೆ ವಿಶ್ವಸಂಸ್ಥೆಯ 1978ರ ಚೀಟಿ ಹುಡುಕಿ. 1980ರಲ್ಲಿ ಸಿಡುಬು ಭೂಮಿಯಿಂದಲೇ ಹೋಯಿತು ಎಂದು ಘೋಷಣೆ ಆಯಿತು. ದೇವಿ ಹಾಕಿಸಿಕೊಂಡ ಗುರುತು ತೋಳಿನ ಮೇಲೆ ಇರುವವರು ನಿಮ್ಮ ಮನೆಯಲ್ಲೇ ಇದ್ದಾರೆ.

ಒಂದು ಚೀಟಿಯನ್ನು ಹತ್ತಿರದಿಂದ ನೋಡಿ

ಭೂತಗನ್ನಡಿ ಕೊಳ್ಳಿ, ಹತ್ತು ಪಟ್ಟು ದೊಡ್ಡದು ಮಾಡುವುದಾದರೆ ಸಾಕು. ಅಭ್ಯಾಸಕ್ಕೆ ಅಗ್ಗದ ಒಂದು ಚೀಟಿ ಹೇಳುತ್ತೇನೆ. ಕುಟುಂಬ ಯೋಜನೆಯ 5 ಪೈಸೆಯ ಕೆಂಪು ಚೀಟಿ. ನಮ್ಮ ಹಳೆಯ ಲಕೋಟೆಗಳಲ್ಲಿ ಎಲ್ಲೆಲ್ಲೂ ಇದೆ. ಅದರಲ್ಲಿ ಕೆಲವುಗಳ ಮೇಲೆ ಕಪ್ಪು ಅಕ್ಷರದಲ್ಲಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿ, "ನಿರಾಶ್ರಿತರ ನೆರವು" ಎಂಬ ಅರ್ಥದ ಮಾತು ಅಚ್ಚಾಗಿರುತ್ತದೆ.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಲಕ್ಷ ಲಕ್ಷ ಜನ ಗಡಿ ದಾಟಿ ಬಂದರು. ಅವರ ನೆರವಿಗೆ ಆ ವರ್ಷದ ನವೆಂಬರ್‌ನಿಂದ ಪತ್ರಗಳ ಮೇಲೆ 5 ಪೈಸೆ ಹೆಚ್ಚುವರಿ ಚೀಟಿ ಕಡ್ಡಾಯ ಆಯಿತು. ಹೊಸ ಚೀಟಿ ಬರುವವರೆಗೆ ಇದ್ದ ಚೀಟಿಗಳ ಮೇಲೇ ಬೇರೆ ಬೇರೆ ಊರುಗಳಲ್ಲಿ ಅಕ್ಷರ ಒತ್ತಿದರು. ಕನ್ನಡಿ ಹಿಡಿದು ನೋಡಿ. ಒಂದರಲ್ಲಿ ಅಕ್ಷರ ದಪ್ಪ, ಇನ್ನೊಂದರಲ್ಲಿ ತೆಳು. ಒಂದರಲ್ಲಿ ಸಾಲು ನೆಟ್ಟಗೆ, ಇನ್ನೊಂದರಲ್ಲಿ ಸೊಟ್ಟ. ಚೀಟಿಯ ಕೆಂಪು ಶಾಯಿಯ ಮೇಲೆ ಕಪ್ಪು ಶಾಯಿ ಕೂತಿರುವುದು ಬೇರೆಯಾಗಿ ಕಾಣುತ್ತದೆ.

ಇದು ವೈದ್ಯಕೀಯ ಚೀಟಿ ಹೇಗೆ? ಆ ನಿರಾಶ್ರಿತರ ಶಿಬಿರಗಳಿಗೆ ಕಾಲರಾ ನುಗ್ಗಿತ್ತು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಸಲೈನ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಕುಡಿಸಿದರು. ಸಾವು ಗಣನೀಯವಾಗಿ ಇಳಿಯಿತು. ಇವತ್ತು ಹಳ್ಳಿಯ ಅಂಗಡಿಯಲ್ಲೂ ಸಿಗುವ ಓಆರ್‌ಎಸ್ ಪೊಟ್ಟಣಕ್ಕೆ ಜಗತ್ತಿನ ನಂಬಿಕೆ ಬಂದದ್ದು ಅಲ್ಲಿಂದ. ಕೊಪ್ಪಳದ ರೈತ ಒಬ್ಬರು ಪತ್ರಕ್ಕೆ ಹಚ್ಚಿದ ಐದು ಪೈಸೆಯೂ ಆ ಜನರ ನೆರವಿಗೇ ಹೋದದ್ದು. ಇಂಥ ಚೀಟಿ ವಿದೇಶದ ದುಬಾರಿ ಚೀಟಿಗಿಂತ ನನಗೆ ದೊಡ್ಡದು.

ವೈದ್ಯರು, ಗಿಡಮೂಲಿಕೆ

ವೈದ್ಯರ ಹಾಳೆಗೆ ಹೆಸರುಗಳ ಕೊರತೆ ಇಲ್ಲ. ಬಿ.ಸಿ. ರಾಯ್ (1976), ಮುತ್ತುಲಕ್ಷ್ಮಿ ರೆಡ್ಡಿ (1989), ಯಲ್ಲಾಪ್ರಗಡ ಸುಬ್ಬರಾವ್ (1995) ಎಲ್ಲ ಇದ್ದಾರೆ. ಆದರೆ ನಮಗೆ ಹತ್ತಿರದವರನ್ನು ಮೊದಲು ಇಡಿ. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್, 1989ರ ಚೀಟಿ. ಮಣಿಪಾಲದ ಡಾ. ಟಿ.ಎಂ.ಎ. ಪೈ, 1999. ರಾಯಚೂರಿನಿಂದ ರೈಲು ಹತ್ತಿದರೆ ಸಿಗುವ ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ್ ಕೋಟ್ನಿಸ್, 1993. ಕೋಟ್ನಿಸ್ 1938ರಲ್ಲಿ ಚೀನಾಕ್ಕೆ ಹೋದ ಭಾರತದ ವೈದ್ಯರ ತಂಡದಲ್ಲಿದ್ದರು, 1942ರಲ್ಲಿ ಅಲ್ಲೇ ತೀರಿಕೊಂಡರು. ಚೀನಾ ಕೂಡ 1982ರಲ್ಲಿ ಅವರ ಚೀಟಿ ತಂದಿದೆ. ಎರಡು ದೇಶದ ಚೀಟಿಯನ್ನು ಅಕ್ಕಪಕ್ಕ ಇಟ್ಟರೆ ಹಾಳೆಗೆ ತೂಕ ಬರುತ್ತದೆ.

ಗಿಡಮೂಲಿಕೆಗೆ 1997ರ ನಾಲ್ಕು ಚೀಟಿ: ತುಳಸಿ, ಅರಿಶಿನ, ಸರ್ಪಗಂಧ, ಲೋಳೆಸರ. ಇದರಲ್ಲಿ ಸರ್ಪಗಂಧಕ್ಕೆ ಜಾಸ್ತಿ ಜಾಗ ಕೊಡಿ. ಈ ಬೇರು ರಕ್ತದೊತ್ತಡ ಇಳಿಸುತ್ತದೆ ಎಂದು ಮುಂಬಯಿಯ ಡಾ. ರುಸ್ತಮ್ ಜಾಲ್ ವಕೀಲ್ 1949ರಲ್ಲಿ ಲಂಡನ್ನಿನ ವೈದ್ಯಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತು ಇತ್ತ ನೋಡಿತು. 2019ರಲ್ಲಿ ಬಂದ ಆಯುಷ್ ವೈದ್ಯರ 12 ಚೀಟಿಗಳನ್ನೂ ಸೇರಿಸಬಹುದು. ಕೊನೆಯ ಹಾಳೆಗೆ 2022ರ ಜನವರಿ 16ರ ಕೋವಿಡ್ ಲಸಿಕೆ ಚೀಟಿ ಸರಿಹೋಗುತ್ತದೆ. ಹಾಫ್‌ಕಿನ್‌ನಿಂದ ಕೋವ್ಯಾಕ್ಸಿನ್‌ವರೆಗೆ ನೂರಿಪ್ಪತ್ತೈದು ವರ್ಷ.

ಹಾಳೆ ಬರೆಯುವಾಗ

ಒಂದು ಹಾಳೆಗೆ ನಾಲ್ಕೈದು ವಸ್ತು ಸಾಕು. ಬರೀ ಚೀಟಿ ತುಂಬಬೇಡಿ. ಪ್ರಥಮ ದಿನದ ಲಕೋಟೆ (ಚೀಟಿ ಬಿಡುಗಡೆಯ ದಿನದ ಮುದ್ರೆ ಇರುವುದು), ಆರೋಗ್ಯದ ಘೋಷಣೆ ಇರುವ ಮುದ್ರೆ, ಪೋಲಿಯೊ ಹನಿಯ ಜಾಹೀರಾತು ಅಚ್ಚಾದ 25 ಪೈಸೆಯ ಮೇಘದೂತ ಕಾರ್ಡು ಇವೆಲ್ಲ ಬೆರೆಯಲಿ. ಪ್ರತಿ ವಸ್ತುವಿಗೆ ಎರಡು ಸಾಲು: ಒಂದು ರೋಗ ಅಥವಾ ವೈದ್ಯರ ಬಗ್ಗೆ, ಒಂದು ಅಂಚೆಯ ಬಗ್ಗೆ. ಕನ್ನಡದಲ್ಲೇ ಬರೆಯಿರಿ. ದೊಡ್ಡ ಪ್ರದರ್ಶನಕ್ಕೆ ಹೋಗುವಾಗ ಇಂಗ್ಲಿಷ್ ಪ್ರತಿ ಬೇರೆ ಮಾಡಿಕೊಳ್ಳಬಹುದು. ಊರಿನ ಶಾಲೆ, ತಾಲ್ಲೂಕು ಆಸ್ಪತ್ರೆ, ಮೆಡಿಕಲ್ ಕಾಲೇಜಿನ ಹಬ್ಬಕ್ಕೆ ಕನ್ನಡದ ಹಾಳೆಯನ್ನೇ ಒಯ್ಯಿರಿ. ಜುಲೈ 1 ವೈದ್ಯರ ದಿನ, ಮಾರ್ಚ್ 24 ಕ್ಷಯ ದಿನ, ಆಗಸ್ಟ್ 20 ಸೊಳ್ಳೆ ದಿನ. ಯಾವುದಾದರೂ ಒಂದಕ್ಕೆ ಒಂದು ತಿಂಗಳು ಮೊದಲೇ ಆಸ್ಪತ್ರೆಯವರನ್ನು ಕೇಳಿದರೆ ಹೊರರೋಗಿ ವಿಭಾಗದ ಗೋಡೆ ಸಿಗುತ್ತದೆ. ಸರದಿಯಲ್ಲಿ ಕೂತವರು ಓದುತ್ತಾರೆ.

ನಮ್ಮ ಸೀಮೆಗೇ ಒಂದು ಲಕೋಟೆ

ಇರುವುದನ್ನು ಕೂಡಿಸುವುದರ ಜೊತೆಗೆ ಇಲ್ಲದ್ದನ್ನು ತರಿಸಲೂ ದಾರಿ ಇದೆ. ಸ್ಮಾರಕ ಅಂಚೆಚೀಟಿಯ ಪ್ರಸ್ತಾಪ ದೆಹಲಿಯ ಫಿಲಾಟೆಲಿ ಸಲಹಾ ಸಮಿತಿಯ ಮುಂದೆ ಹೋಗಬೇಕು. ದೇಶಮಟ್ಟದ ಮಹತ್ವ ಬೇಕು, ವರ್ಷಗಳು ಹಿಡಿಯುತ್ತವೆ. ಬದುಕಿರುವವರ ಮೇಲೆ ಸಾಮಾನ್ಯವಾಗಿ ಚೀಟಿ ತರುವುದಿಲ್ಲ, 1960ರಲ್ಲಿ ಚೀಟಿ ಬಂದ ವಿಶ್ವೇಶ್ವರಯ್ಯನವರಂಥ ಕೆಲವರನ್ನು ಬಿಟ್ಟರೆ. ನಾವು ಕೊಟ್ಟ ಫೋಟೋ ಅಚ್ಚು ಹಾಕಿಕೊಡುವ 'ಮೈ ಸ್ಟಾಂಪ್' ಸುಲಭ. 12 ಚೀಟಿಯ ಹಾಳೆಗೆ 300 ರೂಪಾಯಿ ದರವಿದೆ, ನಿಮ್ಮ ಊರಿನ ಹಿರಿಯ ವೈದ್ಯರ ಬೀಳ್ಕೊಡುಗೆಗೆ ಒಳ್ಳೆಯ ಉಡುಗೊರೆ. ಆದರೆ ಸಂಗ್ರಹದಲ್ಲಿ ಅದಕ್ಕೆ ತೂಕ ಕಡಿಮೆ.

ನಡುವಿನ ದಾರಿ ವಿಶೇಷ ಲಕೋಟೆ, ಅಂದರೆ ಒಂದು ವಿಷಯದ ಚಿತ್ರ ಅಚ್ಚಾದ ಲಕೋಟೆ. ಇದನ್ನು ಕರ್ನಾಟಕ ಅಂಚೆ ವೃತ್ತವೇ ಬಿಡುಗಡೆ ಮಾಡುತ್ತದೆ, ಜೊತೆಗೆ ಆ ದಿನಕ್ಕೆ ವಿಶೇಷ ಮುದ್ರೆ. ಸಂಘ, ಕಾಲೇಜು, ಆಸ್ಪತ್ರೆ ಯಾರಾದರೂ ಬೆಂಗಳೂರಿನ ಚೀಫ್ ಪೋಸ್ಟ್‌ಮಾಸ್ಟರ್ ಜನರಲ್ ಅವರಿಗೆ ಅರ್ಜಿ ಹಾಕಬಹುದು. ಮೊದಲು ನಿಮ್ಮ ಜಿಲ್ಲೆಯ ಅಂಚೆ ಅಧೀಕ್ಷಕರನ್ನು ಕಂಡು ಶುಲ್ಕ, ಗಡುವು ತಿಳಿದುಕೊಳ್ಳಿ.

ವಿಷಯ ನಾನು ಸೂಚಿಸುತ್ತೇನೆ: ನಾರುಹುಣ್ಣು. ರಾಯಚೂರು, ಬಳ್ಳಾರಿ ಕಡೆಯ ಹಿರಿಯರು ಈ ಹೆಸರು ಕೇಳಿದರೆ ಇವತ್ತೂ ಮುಖ ಹಿಂಡುತ್ತಾರೆ. ಮೆಟ್ಟಿಲು ಬಾವಿಗೆ ಇಳಿದು ಕಾಲು ಅದ್ದಿ ನೀರು ತರುವಾಗ ಹುಣ್ಣಿನಿಂದ ಹುಳುವಿನ ಮರಿ ನೀರಿಗೆ ಬೀಳುತ್ತಿತ್ತು. ನೀರಿನ ಸಣ್ಣ ಜೀವಿಯ ಮೂಲಕ ಅದೇ ನೀರು ಕುಡಿದವರ ಮೈ ಸೇರುತ್ತಿತ್ತು. ವರ್ಷದ ನಂತರ ಕಾಲಿನಿಂದ ಮೊಳದುದ್ದದ ಹುಳು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು. ಇದಕ್ಕೆ ಮದ್ದೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಬಟ್ಟೆಯಲ್ಲಿ ನೀರು ಸೋಸಿದ್ದು, ಬಾವಿಯ ಮೆಟ್ಟಿಲು ಮುಚ್ಚಿದ್ದು, ಬೋರ್‌ವೆಲ್ ಕೊರೆಸಿದ್ದು, ಮನೆಮನೆಗೆ ಆರೋಗ್ಯ ಕಾರ್ಯಕರ್ತರು ತಿರುಗಿದ್ದು, ಇಂಥ ಕೆಲಸಗಳಿಂದಲೇ ರೋಗ ಹೋಯಿತು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಮುಕ್ತಿಪತ್ರ ಕೊಟ್ಟಿತು.

ಅರ್ಜಿಯ ಜೊತೆ ಒಂದು ಪುಟದ ವಿವರ, ತಾರೀಕುಗಳಿಗೆ ಆಧಾರದ ಪ್ರತಿ, ಲಕೋಟೆಯ ಚಿತ್ರದ ಕರಡು ಇಡಿ. ಚಿತ್ರಕ್ಕೆ ಮೆಟ್ಟಿಲು ಬಾವಿ, ಮುದ್ರೆಗೆ ಬಟ್ಟೆ ಕಟ್ಟಿದ ಕೊಡ. ಮುದ್ರೆ ಸಣ್ಣದು, ಗೆರೆ ಜಾಸ್ತಿ ಆದರೆ ಶಾಯಿ ಕಲೆಸುತ್ತದೆ, ಹಾಗಾಗಿ ಚಿತ್ರ ಸರಳ ಇರಲಿ. ಒಳಗೆ ಇಡುವ ಮಾಹಿತಿ ಚೀಟಿ ಕನ್ನಡದಲ್ಲಿ ಇರಬೇಕೆಂದು ಅರ್ಜಿಯಲ್ಲೇ ಬರೆಯಿರಿ. ಬಿಡುಗಡೆಗೆ ಆಗ ಹಳ್ಳಿ ತಿರುಗಿದ ಆರೋಗ್ಯ ಕಾರ್ಯಕರ್ತರನ್ನು ಹುಡುಕಿ ಕರೆಯಿರಿ, ಮುಂದಿನ ಸಾಲಿನಲ್ಲಿ ಕೂರಿಸಿ. ಲಕೋಟೆಗಳನ್ನು ಸ್ವಲ್ಪ ಜಾಸ್ತಿಯೇ ಕೊಂಡಿಡಿ: ಒಂದು ನಿಮ್ಮ ಚೌಕಟ್ಟಿಗೆ, ಒಂದು ಜಿಲ್ಲಾ ಗ್ರಂಥಾಲಯಕ್ಕೆ, ಒಂದು ಮೆಡಿಕಲ್ ಕಾಲೇಜಿಗೆ, ಉಳಿದವು ಚೀಟಿ ಹಚ್ಚಿ ನಿಜವಾಗಿ ಅಂಚೆಗೆ ಹಾಕಲು.